ತಿದ್ದಪ್ಪನ ಕಾರ್ಬುರೇಟರ್ ತಿದ್ದುಪಡಿ

"ತಪ್ಪು ಹುಡುಕೋದು ನನ್ನ ಕಸುಬು ಕಣೇ! ಅದು ಪುಸ್ತಕದಲ್ಲಿದ್ರೇನು, ಕಾರಿನಲ್ಲಿದ್ರೇನು? ಸೋಮವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಮಾವನವರನ್ನ ಇದೇ ಕಾರಲ್ಲಿ ಕಣ್ಣಾಸ್ಪತ್ರೆ ಬಾಗಿಲಲ್ಲಿ ಇಳಿಸ್ತೀನಿ. ದಾರಿಯಲ್ಲಿ ಒಂದೇ ಒಂದು ಸಲ ನಿಂತರೂ ನನ್ನ ಹೆಸರು ಬದಲಾಯಿಸಿಬಿಡು!"

ಶುಕ್ರವಾರ ಮಧ್ಯಾಹ್ನ, ಮನೆ ಮುಂದೆ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಈ ಘೋರ ಪ್ರತಿಜ್ಞೆ ಮಾಡಿದವನು ತಿದ್ದಪ್ಪ. ಬಾನೆಟ್ಟು ಕಾದ ಕಾವಲಿಯಂತಿದ್ದುದರಿಂದ ಪ್ರತಿಜ್ಞೆ ಮುಗಿಯುವ ಮೊದಲೇ ಅಂಗೈ ಮೇಲೆದ್ದು ಬಾಯಿಯ ಹತ್ತಿರ ಹೋಗಿ ಊದಿಸಿಕೊಳ್ಳುತ್ತಿತ್ತು, ಅದು ಬೇರೆ ಮಾತು.

ಹೆಸರು ಬದಲಾಯಿಸುವುದಕ್ಕೂ ಏನೂ ಉಳಿದಿರಲಿಲ್ಲ. ತಿದ್ದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಚ್ಚುಕೂಟದವರು ಇಟ್ಟದ್ದು. ಅಲ್ಲಿ ಅವನದು ಕರಡು ತಿದ್ದುವ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಪೆನ್ನು ಹಿಡಿದು ಪರರ ತಪ್ಪುಗಳನ್ನು ಹುಡುಕಿ ಹುಡುಕಿ, ತನ್ನಲ್ಲೂ ಒಂದು ತಪ್ಪು ಇರಬಹುದೆಂಬುದೇ ಅವನಿಗೆ ಮರೆತುಹೋಗಿತ್ತು. ಯಾರದಾದರೂ ಮದುವೆಗೆ ಕರೆ ಬಂದರೆ ಮೊದಲು ಕಾಗದದಲ್ಲಿ ಕಾಗುಣಿತ ನೋಡುತ್ತಿದ್ದ, ಆಮೇಲೆ ಮದುವೆ ಯಾರದು ಎಂದು ನೋಡುತ್ತಿದ್ದ.

"ಹೆಸರು ಹಾಗಿರಲಿ ರೀ," ಎಂದಳು ಹೆಂಡತಿ. ಅವಳದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. "ತಿರುವಿನ ಗ್ಯಾರೇಜಿನವನನ್ನ ಕರೀರಿ."

"ಅವನನ್ನಾ? ಬೋರ್ಡಿನ ಮೇಲೆ 'ಗ್ಯಾರೆಜು' ಅಂತ ಬರೆಸಿದ್ದಾನೆ! ದೀರ್ಘ ಎಲ್ಲಿ ಹಾಕ್ಬೇಕು ಅಂತ ಗೊತ್ತಿಲ್ಲದವನ ಕೈಗೆ ಇಷ್ಟು ದೀರ್ಘಾಯುಷಿ ಕಾರು ಕೊಡ್ಲಾ?"

ಕಾರಿಗೆ ಮೂವತ್ತೆಂಟು ವರ್ಷ. ಅದು ಮೂಲತಃ ಮಾವನವರದ್ದು. ಅವರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಶಾಲೆಗಳ, ನಾಟಕದವರ, ಹಾಡುಗಾರರ ಹಾರ್ಮೋನಿಯಂಗಳನ್ನು ಹಿಂದಿನ ಸೀಟಿನಲ್ಲಿ ಅತಿಥಿಗಳ ಹಾಗೆ ಕೂರಿಸಿಕೊಂಡು ಬಂದು, ಸ್ವರ ಸರಿಮಾಡಿ, ಮತ್ತೆ ಮನೆಗೆ ಬಿಟ್ಟು ಬರುತ್ತಿದ್ದರು. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬೆಳೆದು ರಸ್ತೆ ಮಬ್ಬಾದಾಗ ಕೀಲಿಕೈಯನ್ನು ಅಳಿಯನ ಕೈಗಿಟ್ಟು, "ಅಳಿಯಂದಿರೇ, ಮಗಳನ್ನ ಕೊಡುವಾಗಲೂ ನನಗೆ ಇಷ್ಟು ಯೋಚನೆ ಆಗಿರಲಿಲ್ಲ," ಎಂದಿದ್ದರು.

ಈಗ ಅವರ ಬಲಗಣ್ಣಿಗೆ ಆಪರೇಷನ್ ಆಗಿತ್ತು. ಕಣ್ಣಿಗೆ ದಪ್ಪನೆಯ ಪಟ್ಟಿ. ಎಡಗಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದು. ಸೋಮವಾರ ಹತ್ತು ಗಂಟೆಗೆ ಪಟ್ಟಿ ಬಿಚ್ಚುತ್ತೇವೆಂದು ಡಾಕ್ಟರು ಹೇಳಿದ್ದರು. ಹನ್ನೊಂದಕ್ಕೆ ಆ ಡಾಕ್ಟರು ಬೇರೆ ಊರಿಗೆ ಹೊರಟರೆ ಮತ್ತೆ ಬರುವುದು ವಾರದ ಮೇಲೆ. ಮಾವ ದಿನ ಎಣಿಸುತ್ತಿದ್ದರು.

"ಪಟ್ಟಿ ಬಿಚ್ಚಿದ ಕೂಡಲೇ ಮೊದಲು ಮಗಳ ಮುಖ ನೋಡ್ಬೇಕು. ಆಮೇಲೆ ನನ್ನ ಕಾರಿನ ಮುಖ. ಆಮೇಲೆ ನನ್ನ ಎರಡು ಕೈ."

ಅಳಿಯನ ಮುಖ ಆ ಪಟ್ಟಿಯಲ್ಲಿ ಇರಲಿಲ್ಲ!

ಹೀಗಿರುವಾಗ, ಆ ಶುಕ್ರವಾರ ಆಸ್ಪತ್ರೆಯಿಂದ ಮನೆಗೆ ಬರುವ ಮುಕ್ಕಾಲು ಗಂಟೆಯ ದಾರಿಯಲ್ಲಿ ಕಾರು ಮೂರು ಸಲ ನಿಂತಿತ್ತು. ಎರಡು ತಿಂಗಳಿಂದ ಇದೇ ಕತೆ. ಹೊರಡುವಾಗ ಠೀವಿಯಿಂದ ಹೊರಡುವುದು, ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಒಂದು ಕೆಮ್ಮು, ಎರಡು ಬಿಕ್ಕಳಿಕೆ, ಮತ್ತೆ ಮೌನ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವುದು. ದಾರಿಹೋಕರು ತಳ್ಳಿದರು, ಸೈಕಲ್ಲಿನವರು ಸಲಹೆ ಕೊಟ್ಟರು, ಬಸ್ಸಿನವರು ಬೈದರು. ಮಾವ ಮಾತ್ರ ಹಿಂದಿನ ಸೀಟಿನಲ್ಲಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಿವಿಗೊಟ್ಟು ಕೂತಿದ್ದರು.

ಮನೆಗೆ ಬಂದ ಮೇಲೆ ತಿದ್ದಪ್ಪ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದ. ಕಾರಿನಿಂದ ಇಳಿಯುತ್ತಿದ್ದ ಮಾವ ಅಲ್ಲೇ ನಿಂತರು.

"ಅಳಿಯಂದಿರೇ, ಅದೇನು ಸದ್ದು?"

"ಏನಿಲ್ಲ ಮಾವ, ಬರೀ ಗಾಳಿ. ನೀವು ಒಳಗೆ ನಡೀರಿ, ರೆಸ್ಟ್ ತಗೊಳ್ಳಿ. ರೋಗ ನನಗೆ ಗೊತ್ತಾಯ್ತು. ಕಾರ್ಬುರೇಟರ್!"

"ಅದು ಹೇಗೆ ಗೊತ್ತಾಯ್ತು?" ಎಂದಳು ಹೆಂಡತಿ.

"ಪೆಟ್ರೋಲಿಗೂ ಗಾಳಿಗೂ ಮದುವೆ ಮಾಡಿಸೋದು ಕಾರ್ಬುರೇಟರ್. ಮದುವೆ ಕೆಟ್ಟಿದೆ ಅಂದ್ರೆ ಮದುವೆ ಮಾಡಿಸಿದವರನ್ನೇ ಹಿಡೀಬೇಕಲ್ವಾ?"

"ಹಾಗಾದ್ರೆ ನಮ್ಮ ಮದುವೆ ಮಾಡಿಸಿದವರ ವಿಳಾಸ ನನಗೂ ಬೇಕು," ಎಂದು ಅವಳು ಅಪ್ಪನ ಕೈಹಿಡಿದು ಒಳಗೆ ಹೋದಳು.

ಕಾರಿನ ಜೊತೆ ಬಂದಿದ್ದ ಹಳೆಯ ರಿಪೇರಿ ಕೈಪಿಡಿಯೊಂದು ಕಪಾಟಿನಲ್ಲಿತ್ತು. ಸಂಜೆಯೆಲ್ಲ ತಿದ್ದಪ್ಪ ಅದರಲ್ಲಿ ಮುಳುಗಿದ. ಪುಟ ತಿರುವಿದ, ಹುಬ್ಬು ಗಂಟಿಕ್ಕಿದ, ತಲೆಯಾಡಿಸಿದ, ಕೆಂಪು ಪೆನ್ನಿನಿಂದ ಗೀಚಿದ. ಊಟದ ಹೊತ್ತಿಗೆ ವಿಜಯೋತ್ಸಾಹದಿಂದ ಎದ್ದು ಬಂದ.

"ಸಿಕ್ತು ಕಣೇ! ಒಂದಲ್ಲ ಎರಡಲ್ಲ, ನಲವತ್ತೊಂದು ತಪ್ಪು!"

"ಅಯ್ಯೋ, ಕಾರಿನಲ್ಲಾ?"

"ಕೈಪಿಡಿಯಲ್ಲಿ!"

ಹೆಂಡತಿ ಅನ್ನ ಬಡಿಸಿದಳು.

ಶನಿವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಗಾಳಿ ಸೋಸುವ ದುಂಡನೆಯ ಡಬ್ಬಿ ತೆಗೆದ. ಅದರ ಕೆಳಗೆ ಕಾರ್ಬುರೇಟರ್ ಮಹಾಶಯರು ಮೈತುಂಬ ಮಸಿ ಮೆತ್ತಿಕೊಂಡು ಕೂತಿದ್ದರು. ನಾಲ್ಕು ನಟ್ಟು, ಒಂದು ತಂತಿ, ಐದು ರಬ್ಬರ್ ಕೊಳವೆ. ತಿದ್ದಪ್ಪ ದಡ್ಡನೇನಲ್ಲ. ಯಾವ ಕೊಳವೆ ಎಲ್ಲಿಂದ ಬಂತೆಂದು ಚೀಟಿ ಬರೆದು ಒಂದೊಂದಕ್ಕೂ ಅಂಟಿಸಿದ. ಅಕ್ಷರ ಮುತ್ತಿನಂತಿತ್ತು, ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಬಿಚ್ಚಿದ ಭಾಗಗಳನ್ನು ಜೋಡಿಸಿಡಲು ಒಂದು ಶುಭ್ರವಾದ ಬಟ್ಟೆ ಬೇಕೆಂದು ಕೈಪಿಡಿ ಹೇಳಿತ್ತು. ಮುಂದಿನ ಕೋಣೆಯಲ್ಲಿ ಶುಭ್ರವಾದ ಬಟ್ಟೆಗಳಿಗೇನು ಕೊರತೆ? ಬಿಳಿಯ, ನುಣುಪಾದ, ಐದು ಮೀಟರಿನ ಪರದೆ ಬಟ್ಟೆಯೊಂದನ್ನು ಹಾಸಿ, ಅದರ ಒಂದು ಮೂಲೆಯಲ್ಲಿ ಸ್ಕ್ರೂಗಳನ್ನೂ ಸ್ಪ್ರಿಂಗುಗಳನ್ನೂ ಸಾಲಾಗಿ ಇಡುತ್ತ ಹೋದ. ಬಟ್ಟೆಯ ಮೇಲೆ ಕರಿಯ ಚುಕ್ಕಿಗಳು ಮೂಡಿದವು.

ಹೆಂಡತಿ ಬಂದಳು. ನೋಡಿದಳು. ಕಿರುಚಲಿಲ್ಲ. ಅದೇ ಭಯಂಕರ! ಕತ್ತರಿ ತಂದು, ಕೊಳೆಯಾದ ಮೂಲೆಯನ್ನು ಸ್ಕ್ರೂ ಸ್ಪ್ರಿಂಗುಗಳ ಸಮೇತ ಒಂದು ಚೌಕವಾಗಿ ಕತ್ತರಿಸಿ ಬೇರೆ ಮಾಡಿದಳು.

"ಇನ್ನು ನಿಮ್ಮ ಸಾಮ್ರಾಜ್ಯ ಇಷ್ಟೇ. ಗಡಿ ದಾಟಿದ್ರೆ ಯುದ್ಧ."

ಮೊಳದಗಲದ ಆ ಸಾಮ್ರಾಜ್ಯದಲ್ಲೇ ಕೆಲಸ ಮುಂದುವರಿಯಿತು. ಭಾಗಗಳನ್ನು ಪೆಟ್ರೋಲಿನಲ್ಲಿ ನೆನೆಹಾಕಬೇಕಿತ್ತು. ಅಡುಗೆಮನೆಯ ಹಾಲಿನ ಪಾತ್ರೆ ಅಳತೆಗೆ ಸರಿಯಾಗಿತ್ತು. ಮನೆತುಂಬ ಪೆಟ್ರೋಲಿನ ವಾಸನೆ ಹರಡಿತು. "ಒಲೆ ಹಚ್ಚಬೇಡಿ! ಬೆಂಕಿಕಡ್ಡಿ ಮುಟ್ಟಬೇಡಿ! ಕಿಟಕಿ ತೆಗೀರಿ!" ಎಂದು ತಿದ್ದಪ್ಪ ಸೇನಾಪತಿಯಂತೆ ಅಪ್ಪಣೆ ಕೊಟ್ಟ.

ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮಾವ ಮೂಗರಳಿಸಿದರು. "ಕಾಫಿ ಘಮ ಬರ್ತಾ ಇಲ್ಲವಲ್ಲಮ್ಮಾ?"

"ಇವತ್ತು ಹಾಲಿನ ಪಾತ್ರೆಯಲ್ಲಿ ಕಾರಿಗೆ ಸ್ನಾನ ಅಪ್ಪಾ. ನಮಗೆ ಬಾಳೆಹಣ್ಣು, ಬನ್ನು."

ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತಿತ್ತು. ಕೊನೆಗೆ ಕಾರ್ಬುರೇಟರಿನ ಒಡಲೊಳಗೆ ಏನಾದರೂ ಕಸ ಉಳಿದಿದೆಯೇ ಎಂದು ತಿದ್ದಪ್ಪ ಅದನ್ನು ತಲೆಕೆಳಗು ಮಾಡಿ ಒಮ್ಮೆ ಒದರಿದ.

ಟಿಣ್!

"ಏನೋ ಬಿತ್ತು," ಎಂದರು ಮಾವ.

"ಏನೂ ಬಿದ್ದಿಲ್ಲ ಮಾವ. ನೀವು ರೆಸ್ಟ್ ತಗೊಳ್ಳಿ," ಎಂದ ತಿದ್ದಪ್ಪ. ಎಂದವನು ಕೈಪಿಡಿಯ ಚಿತ್ರ ನೋಡಿದ. ಚಿತ್ರದಲ್ಲಿ ಮೆಣಸಿನ ಕಾಳಿನಷ್ಟು ಒಂದು ಉಕ್ಕಿನ ಗುಂಡು. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ: ಈ ಗುಂಡು ಕಳೆಯದಂತೆ ನೋಡಿಕೊಳ್ಳುವುದು. ಆ ವಾಕ್ಯದಲ್ಲಿ ಒಂದೂ ತಪ್ಪಿಲ್ಲದ್ದರಿಂದ ಅವನ ಕಣ್ಣು ಅದರ ಮೇಲೆ ನಿಂತಿರಲೇ ಇಲ್ಲ!

ಹುಡುಕಾಟ ಆರಂಭವಾಯಿತು. ತಿದ್ದಪ್ಪ ನೆಲದ ಮೇಲೆ ಮೊಸಳೆಯಂತೆ ತೆವಳಿದ. ಹೆಂಡತಿ ತನ್ನ ಗುಂಡುಸೂಜಿ ಎತ್ತುವ ಅಯಸ್ಕಾಂತಕ್ಕೆ ದಾರ ಕಟ್ಟಿ ಮೂಲೆ ಮೂಲೆಗೂ ಎಳೆದಳು. ಬೀರುವಿನ ಕೆಳಗಿಂದ, ಹೊಲಿಗೆ ಯಂತ್ರದ ಕಾಲಡಿಯಿಂದ, ಬಾಗಿಲ ಸಂದಿಯಿಂದ ನೂರಾರು ಗುಂಡುಸೂಜಿ, ಮೂವತ್ತು ಕೊಕ್ಕೆ, ಎರಡು ಹೇರ್‌ಪಿನ್ನು, ಯಾವ ಕಾಲದ್ದೋ ಒಂದು ಬೀಗದ ಕೈ ಹೊರಬಂದವು. ಗುಂಡು ಮಾತ್ರ ಇಲ್ಲ. ಎರಡು ಗಂಟೆ ಕಳೆದ ಮೇಲೆ ಮಾವ ಕೆಮ್ಮಿದರು.

"ನೀವು ಹುಡುಕ್ತಿರೋದು ಆ ಉಕ್ಕಿನ ಗುಂಡನ್ನೇನು? ಅದು ಮೂರು ಸಲ ಪುಟೀತು, ಎಡಗಡೆ ಉರುಳಿತು, ಮೆಟ್ಟಿಲ ಪಕ್ಕ ನೀರು ಹೋಗೋ ಕಿಂಡಿಯೊಳಗೆ 'ಪುಳಕ್' ಅಂತ ಬಿತ್ತು."

"ಅಪ್ಪಾ! ಮೊದಲೇ ಯಾಕೆ ಹೇಳಲಿಲ್ಲ?"

"ಏನೂ ಬಿದ್ದಿಲ್ಲ ಅಂತ ಅಳಿಯಂದಿರು ಅಂದ್ರಲ್ಲಮ್ಮ. ಬೀಳದೇ ಇರೋದು ಎಲ್ಲಿ ಬಿತ್ತು ಅಂತ ನಾನು ಹೇಗೆ ಹೇಳಲಿ?"

ಕಿಂಡಿಯ ಆಚೆ ಬೀದಿಯ ಮೋರಿ. ಮೋರಿಯ ಆಚೆ ಊರಿನ ದೊಡ್ಡ ಕಾಲುವೆ. ಗುಂಡು ಇಷ್ಟು ಹೊತ್ತಿಗೆ ಸಮುದ್ರಯಾನದಲ್ಲಿತ್ತು.

"ಕಾರ್ಬುರೇಟರ್ ಕೆಟ್ಟಿದೆ, ಕಾರ್ಬುರೇಟರ್ ಕೆಟ್ಟಿದೆ ಅಂತಿದ್ರಿ. ಕೆಟ್ಟಿರಲಿಲ್ಲ. ಈಗ ನಿಜವಾಗ್ಲೂ ಕೆಟ್ಟಿದೆ," ಎಂದಳು ಹೆಂಡತಿ. "ಇದು ಕಾರ್ಬುರೇಟರ್ ಅಲ್ಲ ರೀ, ನಿಮ್ಮ ಬುರುಡೇಟರ್!"

ತಿದ್ದಪ್ಪನಿಗೆ ಆ ಕ್ಷಣದಲ್ಲೂ ಶ್ಲೇಷೆ ಚೆನ್ನಾಗಿದೆ ಅನ್ನಿಸಿತು. ಆದರೆ ಹೊಗಳುವ ಸಮಯ ಅದಲ್ಲ. ಕುರ್ಚಿಯಲ್ಲಿ ಕೂತ ಮಾವನವರ ಪಟ್ಟಿ ಕಟ್ಟಿದ ಮುಖ ನೋಡಿದ. ಮುದುಕರು ಬನ್ನಿನ ಚೂರೊಂದನ್ನು ಕೈಯಲ್ಲಿ ಹಿಡಿದು, ಎಲ್ಲಿ ಕಚ್ಚಬೇಕೆಂದು ಬೆರಳಿನಿಂದ ತಡವಿಕೊಳ್ಳುತ್ತಿದ್ದರು. ಬಾಡಿಗೆ ಕಾರು ತರಿಸಬಹುದು, ನಿಜ. ಆದರೆ ಈ ಮನುಷ್ಯ ನೋಡಬೇಕೆಂದು ಕಾಯುತ್ತಿರುವುದು ಬಾಡಿಗೆ ಕಾರನ್ನಲ್ಲವಲ್ಲ! ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಊರಾಚೆ ಹಳೆಯ ಕಾರುಗಳ ಭಾಗ ಮಾರುವ ಅಂಗಡಿಯೊಂದಿತ್ತು. ಅದರ ಯಜಮಾನಿಯನ್ನು ಎಲ್ಲರೂ ಗುಜರಿ ಅಕ್ಕ ಎನ್ನುತ್ತಿದ್ದರು. ಬಾಗಿಲುಗಳ ಬೆಟ್ಟ, ಚಕ್ರಗಳ ಗೋಪುರ, ಕನ್ನಡಿಗಳ ಸಾಲು, ಇವುಗಳ ನಡುವೆ ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡು ಆಕೆ ಕೂತಿದ್ದಳು. ತಿದ್ದಪ್ಪ ತನ್ನ ಕಾರ್ಬುರೇಟರನ್ನು ಮೇಜಿನ ಮೇಲಿಟ್ಟ. ಆಕೆ ಅದನ್ನು ಒಮ್ಮೆ ತಿರುಗಿಸಿ ನೋಡಿ, ಎದ್ದು ಹೋಗಿ, ಕಪಾಟಿನ ಮೂರನೇ ಸಾಲಿನಿಂದ ಅದರ ಅವಳಿಯನ್ನೇ ತಂದು ಪಕ್ಕದಲ್ಲಿಟ್ಟಳು.

"ಹಳೇದಕ್ಕೆ ಏನಾಗಿತ್ತು?"

"ಒಂದು ಗುಂಡು ಕಳೆದುಹೋಯ್ತು."

"ಅದು ನೀವು ಬಿಚ್ಚಿದ ಮೇಲೆ ಆಗಿದ್ದು. ಬಿಚ್ಚೋಕೆ ಮೊದಲು ಏನಾಗಿತ್ತು?"

"ಕಾರು ನಿಂತುಹೋಗ್ತಿತ್ತು."

"ಸ್ಟಾರ್ಟ್ ಮಾಡಿದ ತಕ್ಷಣ ನಿಲ್ತಿತ್ತಾ, ಓಡಿ ಓಡಿ ನಿಲ್ತಿತ್ತಾ?"

"ನೋಡೀಮ್ಮಾ," ಎಂದ ತಿದ್ದಪ್ಪ ಗಂಭೀರವಾಗಿ, "ನಾನು ಈ ವಿಷಯ ಪೂರ್ತಿ ಓದಿದ್ದೀನಿ. ಕೈಪಿಡಿಯಲ್ಲಿ ನಲವತ್ತೊಂದು ತಪ್ಪು ತಿದ್ದಿದ್ದೀನಿ."

ಗುಜರಿ ಅಕ್ಕ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಒಳ್ಳೇದು. ಈ ಹೊಸ ಗ್ಯಾಸ್ಕೆಟ್ಟೂ ತಗೊಂಡು ಹೋಗಿ, ಎರಡು ಲೋಹದ ನಡುವೆ ಇಡೋ ತೆಳು ರಟ್ಟು ಇದು. ಹಳೇದನ್ನೇ ಹಾಕಿದ್ರೆ ಗಾಳಿ ಸೋರುತ್ತೆ. ನಟ್ಟು ತೀರಾ ಬಿಗಿ ಮಾಡ್ಬೇಡಿ. ಇನ್ನೊಂದು ಮಾತು. ಇದನ್ನ ಹಾಕಿದ ಮೇಲೂ ಅದೇ ರೋಗ ಇದ್ರೆ, ತಪ್ಪು ಇದರಲ್ಲಿ ಇಲ್ಲ ಅಂತ ತಿಳ್ಕೊಳ್ಳಿ. ಬಿಚ್ಚೋದು ನಿಲ್ಲಿಸಿ, ಯೋಚನೆ ಮಾಡೋದು ಶುರು ಮಾಡಿ."

ಯೋಚನೆ! ಮೂರು ದಶಕದ ಹತ್ತಿರ ತಲೆಯಿಂದ ದುಡಿದವನಿಗೆ ಯೋಚನೆಯ ಪಾಠ! ತಿದ್ದಪ್ಪ ಪೊಟ್ಟಣವನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಭಾನುವಾರ ಬೆಳಿಗ್ಗೆ ಜೋಡಣೆ. ಗ್ಯಾಸ್ಕೆಟ್ ಕೂತಿತು, ಕಾರ್ಬುರೇಟರ್ ಕೂತಿತು, ನಾಲ್ಕು ನಟ್ಟುಗಳೂ ಕೂತವು. ಕೊಳವೆಗಳ ಸರದಿ ಬಂದಾಗ ತಿದ್ದಪ್ಪ ನಿಂತ.

"ಚೀಟಿಗಳೆಲ್ಲಿ?"

"ಯಾವ ಚೀಟಿ?"

"ಕೊಳವೆಗಳಿಗೆ ಅಂಟಿಸಿದ್ದ ಚೀಟಿ ಕಣೇ!"

"ಓ, ಅವಾ? ನಿನ್ನೆ ಕಾರೆಲ್ಲಾ ಒರೆಸಿದ್ನಲ್ಲ, ಅಪ್ಪ ನೋಡ್ತಾರೆ ಚೆನ್ನಾಗಿರಲಿ ಅಂತ. ಕಾಗದ ಜೋತಾಡ್ತಿತ್ತು, ಕಿತ್ತು ಬಿಸಾಕಿದೆ."

ತಿದ್ದಪ್ಪ ಬಾಯಿ ತೆರೆದ. ಶನಿವಾರದ ಪರದೆ ಬಟ್ಟೆ ನೆನಪಾಗಿ ಬಾಯಿ ಮುಚ್ಚಿದ. ಐದು ಕೊಳವೆ, ಐದು ಮೂತಿ. ಕೈಪಿಡಿಯ ಚಿತ್ರ ನೋಡಿ ಹಾಕಿದ, ಕಿತ್ತ, ಮತ್ತೆ ಹಾಕಿದ. ವೇಗದ ತಂತಿ ಸಿಕ್ಕಿಸಿದ. ಹೋಗಿ ಸೀಟಿನಲ್ಲಿ ಕೂತು ಕೀಲಿಕೈ ತಿರುಗಿಸಿದ.

ಕಾರು ಗರ್ಜಿಸಿತು! ಸಾಧಾರಣ ಗರ್ಜನೆಯಲ್ಲ, ವಿಮಾನ ಮೇಲೇಳುವಾಗಿನ ಗರ್ಜನೆ! ಹಿಂದಿನಿಂದ ಕಾರು ಕಪ್ಪಗೆ ಹೊಗೆ ಕಾರಿತು. ಮರದ ಮೇಲಿದ್ದ ಕಾಗೆಗಳೆಲ್ಲ ಒಮ್ಮೆಗೇ ಎದ್ದು ಊರು ಬಿಟ್ಟವು. ಎದುರುಮನೆಯವರು ಬಾಲ್ಕನಿಗೆ ಬಂದು, "ಎಲ್ಲಿಗೆ ಹಾರಿಸ್ತಿದ್ದೀರಿ?" ಎಂದು ಕೂಗಿದರು. ತಿದ್ದಪ್ಪ ಕಾಲಿನಿಂದ ಪೆಡಲು ಒದ್ದ, ಕೈಯಿಂದ ಸ್ಟೇರಿಂಗು ಗುದ್ದಿದ. ಕೊನೆಗೆ ಹೆಂಡತಿ ಕಿಟಕಿಯೊಳಗೆ ಕೈಹಾಕಿ ಕೀಲಿಕೈ ತಿರುಗಿಸಿದಳು. ಬೀದಿಗೆ ಬೀದಿಯೇ ನಿಟ್ಟುಸಿರು ಬಿಟ್ಟಿತು.

"ತಂತಿ ಬಿಗಿಯಾಯ್ತು ಅಳಿಯಂದಿರೇ," ಎಂದರು ಕುರ್ಚಿಯಿಂದ ಮಾವ. "ಸ್ವಲ್ಪ ಸಡಿಲ ಬಿಡಿ. ತಾರಸ್ಥಾಯಿಯಲ್ಲಿ ಹಿಡ್ಕೊಂಡಿದೆ."

ತಂತಿ ಸಡಿಲವಾಯಿತು. ಎರಡನೆಯ ಸಲ ಕೀಲಿಕೈ ತಿರುಗಿಸಿದಾಗ ಎಂಜಿನ್ನು ಬೆಚ್ಚಗಿನ ಬೆಕ್ಕಿನ ಹಾಗೆ ಗುರುಗುಟ್ಟಿತು. ತಿದ್ದಪ್ಪನಿಗೆ ನಂಬಿಕೆಯೇ ಬರಲಿಲ್ಲ. ಮನೆಯ ಸುತ್ತ ಒಂದು ಸುತ್ತು, ಎರಡು ಸುತ್ತು, ಹತ್ತು ನಿಮಿಷ ಓಡಿಸಿದ. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ! ಇಳಿದು ಬಂದಾಗ ಅವನ ಎದೆ ನಾಲ್ಕು ಇಂಚು ಮುಂದಿತ್ತು.

"ಅಳಿಯಂದಿರೇ, ಒಂದು ಮಾತು. ಆ ಶುಕ್ರವಾರದ ಸದ್ದು..."

"ಮಾವ! ಶುಕ್ರವಾರದ ಕಾರೇ ಬೇರೆ, ಭಾನುವಾರದ ಕಾರೇ ಬೇರೆ! ಇನ್ನು ಸದ್ದೇ ಇಲ್ಲ!"

ಸೋಮವಾರ ಒಂಬತ್ತಕ್ಕೆಲ್ಲ ಹೊರಟರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದೆ ಕೂತರು. ಮಗಳು ಅವರ ಪಕ್ಕ. ತಿದ್ದಪ್ಪ ಚಕ್ರವರ್ತಿಯ ಗತ್ತಿನಲ್ಲಿ ಸ್ಟೇರಿಂಗ್ ಹಿಡಿದಿದ್ದ. ಮಾರುಕಟ್ಟೆ ದಾಟಿತು, ರೈಲ್ವೆ ಗೇಟು ದಾಟಿತು. ಸೇತುವೆ ಹತ್ತುವಾಗ ಅವನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ, "ಹೇಗೆ?" ಎಂಬಂತೆ ಹುಬ್ಬು ಹಾರಿಸಿದ.

ಒಂದು ಕೆಮ್ಮು.

ಹುಬ್ಬು ಮೇಲೆಯೇ ಉಳಿಯಿತು.

ಎರಡು ಬಿಕ್ಕಳಿಕೆ. ಮೌನ. ಸೇತುವೆಯ ನಟ್ಟನಡುವೆ ಕಾರು ನಿಂತಿತು. ಒಂಬತ್ತು ಗಂಟೆ ಹದಿನೆಂಟು ನಿಮಿಷ. ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಇನ್ನೊಂದು ಬಸ್ಸು, ಅದರ ಹಿಂದೆ ಹಾಲಿನ ವ್ಯಾನು. ಹಾರನ್ನುಗಳ ವಾದ್ಯಗೋಷ್ಠಿಯೇ ಆರಂಭವಾಯಿತು.

ತಿದ್ದಪ್ಪ ಇಳಿದು ಬಾನೆಟ್ಟು ಎತ್ತಿದ. ಹೊಸ ಕಾರ್ಬುರೇಟರ್ ಥಳಥಳ ಹೊಳೆಯುತ್ತಿತ್ತು. ಎಲ್ಲಿಯೂ ಒಂದು ಹನಿ ಸೋರಿಲ್ಲ, ಒಂದು ಕೊಳವೆ ಕಳಚಿಲ್ಲ. ಅವನಿಗೆ ಗುಜರಿ ಅಕ್ಕನ ಮಾತು ಕೇಳಿಸಿದಂತಾಯಿತು. ಯೋಚನೆ ಮಾಡಲು ಪ್ರಯತ್ನಿಸಿದ. ಮೂರು ದಿನದ ದುಡಿಮೆ, ಹಾಳಾದ ಪರದೆ, ಬನ್ನು ತಿಂದ ಮುದುಕರು, ಇವು ಬಿಟ್ಟು ತಲೆಗೆ ಬೇರೇನೂ ಬರಲಿಲ್ಲ. ಅವನು ಹಿಂದಿನ ಕಿಟಕಿಯ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತ.

"ಮಾವ, ನನ್ನಿಂದ ಆಗಲಿಲ್ಲ. ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗ್ತಾ ಇಲ್ಲ. ನೀವೇನೋ ಹೇಳ್ಬೇಕು ಅಂತಿದ್ರಿ."

ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಹೀಗೆ ಹೇಳಿದ್ದು ಇದೇ ಮೊದಲು. ಹೆಂಡತಿ ಹಾರನ್ನುಗಳನ್ನೂ ಮರೆತು ಅವನನ್ನೇ ನೋಡಿದಳು.

"ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. ನಿಧಾನಕ್ಕೆ," ಎಂದರು ಮಾವ.

ತಿದ್ದಪ್ಪ ಮುಚ್ಚಳ ತಿರುಗಿಸಿದ. ಸುಯ್ಯ್ಯ್ಯ್! ಟ್ಯಾಂಕು, ಇಷ್ಟು ಹೊತ್ತು ಯಾರೋ ಮೂಗು ಬಾಯಿ ಮುಚ್ಚಿ ಹಿಡಿದಿದ್ದರೆಂಬಂತೆ, ಉದ್ದಕ್ಕೆ ಉಸಿರೆಳೆದುಕೊಂಡಿತು.

"ಕೇಳಿದ್ರಾ? ಶುಕ್ರವಾರ ಕೇಳಿಸಿದ್ದೂ ಇದೇ. ಟ್ಯಾಂಕಿಗೆ ಉಸಿರು ಕಟ್ಟಿದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕು. ಬರದೇ ಇದ್ರೆ ಸ್ವಲ್ಪ ದೂರ ಹೋದ ಮೇಲೆ ಪೆಟ್ರೋಲೂ ಬರಲ್ಲ. ಹಿಂದೆ ಒಬ್ಬ ಹಾಡುಗಾರ ಹಾರ್ಮೋನಿಯಂ ತಂದಿದ್ದ, ಸ್ವರಾನೇ ಬರ್ತಿಲ್ಲ ಅಂತ. ನೋಡಿದ್ರೆ ಧೂಳು ಒಳಗೆ ಹೋಗುತ್ತೆ ಅಂತ, ಗಾಳಿ ಊದೋ ತಿದಿಯ ತೂತಿಗೆಲ್ಲಾ ಕಾಗದ ಅಂಟಿಸಿದ್ದ ಮಹಾರಾಯ! ಈ ಮುಚ್ಚಳದಲ್ಲೂ ಗಾಳಿಗೆ ಅಂತ ಒಂದು ಸಣ್ಣ ತೂತಿರುತ್ತೆ. ಬೆರಳಾಡಿಸಿ ನೋಡಿ, ಏನೋ ಸಿಕ್ಕಿಕೊಂಡಿರಬೇಕು."

ತಿದ್ದಪ್ಪ ಬೆರಳಾಡಿಸಲಿಲ್ಲ. ಅವನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ತನ್ನ ಪೆನ್ನಿಗಿಂತ ಕೆಂಪಗಾಯಿತು.

"ಸಿಕ್ಕಿಕೊ... ಸಿಕ್ಕಿಕೊಂಡಿಲ್ಲ ಮಾವ. ಎರಡು ತಿಂಗಳ ಹಿಂದೆ ನಾನೇ ಅಂಟು ಹಾಕಿ ಮುಚ್ಚಿದೆ. ಆಗ ತಂದ ಹೊಸ ಮುಚ್ಚಳದಲ್ಲಿ ತೂತು ಇತ್ತು. ಮಾಡಿದವರು ಏನೋ ತಪ್ಪು ಮಾಡಿದ್ದಾರೆ ಅಂತ..."

"ತಿದ್ದಿದ್ರಿ," ಎಂದಳು ಹೆಂಡತಿ.

"ತಿದ್ದಿದೆ."

ಆಮೇಲೆ ಮಾವನವರ ಹೊಟ್ಟೆ ಕುಲುಕತೊಡಗಿತು. "ನಾನು ತಿದಿ ಒತ್ತುವವನು, ನೀವು ತಿದ್ದುವವರು!" ಎಂದು ಅವರು ನಕ್ಕರು. ಹೆಂಡತಿ ನಕ್ಕಳು. ಹಿಂದಿನ ಬಸ್ಸಿನ ಡ್ರೈವರು ಬೈಯಲೆಂದು ಇಳಿದು ಬಂದವನು, ಈ ನಗು ನೋಡಿ ವಿಷಯ ಕೇಳಿ, ತಾನೂ ಪಕ್ಕೆ ಹಿಡಿದು ನಕ್ಕ. ಹೆಂಡತಿ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಮುಚ್ಚಳದ ಅಂಟನ್ನು ಕುಟುಕಿ ಕುಟುಕಿ ಎಬ್ಬಿಸಿ, ತೂತಿನ ಈಚೆಯಿಂದ ಆಚೆಗೆ ಬೆಳಕು ನೋಡಿ, "ಹೂಂ, ಹಾಕಿ," ಎಂದಳು. ಕೀಲಿಕೈ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಎದ್ದಿತು. ಬಸ್ಸಿನವನು ಚಪ್ಪಾಳೆ ತಟ್ಟಿದ.

ಹತ್ತು ಗಂಟೆಗೆ ಐದು ನಿಮಿಷವಿರುವಾಗ ಅವರು ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಪರದೆ ಎಳೆದು ಬೆಳಕು ತಗ್ಗಿಸಿ, ಮೆಲ್ಲನೆ ಪಟ್ಟಿ ಬಿಚ್ಚಿದರು. ಮಾವ ರೆಪ್ಪೆ ಬಡಿದರು. ಇನ್ನೊಮ್ಮೆ ಬಡಿದರು. ಮಗಳ ಮುಖದ ಮೇಲೆ ಕಣ್ಣು ನೆಟ್ಟಿತು.

"ಯಾವಾಗಮ್ಮಾ ಇಷ್ಟೊಂದು ಬಿಳೀ ಕೂದಲು ಬಂತು ನಿನಗೆ?"

"ನಿಮ್ಮ ಅಳಿಯಂದಿರನ್ನ ಕೇಳಿ," ಎಂದಳು ಅವಳು. ನಗುತ್ತಲೇ ಇದ್ದಳು, ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಡಾಕ್ಟರು ಎದುರು ಗೋಡೆಯ ಅಕ್ಷರಗಳ ಬೋರ್ಡು ತೋರಿಸಿದರು. ಮಾವ ಮೇಲಿನಿಂದ ಕೆಳಗೆ ಸರಾಗವಾಗಿ ಓದಿಕೊಂಡು ಹೋದರು. ಪಕ್ಕದಲ್ಲಿ ನಿಂತಿದ್ದ ತಿದ್ದಪ್ಪ ಸಂತೋಷದಲ್ಲಿ ತಾನೂ ಕಣ್ಣು ಕಿರಿದು ಮಾಡಿ ಅವರ ಜೊತೆ ಓದುತ್ತಿದ್ದ. ನಾಲ್ಕನೇ ಸಾಲು ಬಂದಾಗ ಅವನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಾಲ್ಕನೇ ಸಾಲಿನಲ್ಲಿ ಅಚ್ಚಿನ ತಪ್ಪಿದೆ. 'ಪ' ಎರಡು ಸಲ ಬಂದಿದೆ."

ಡಾಕ್ಟರು ಬೋರ್ಡು ನೋಡಿದರು, ಅವನನ್ನು ನೋಡಿದರು.

"ಒಂದು 'ಪ'," ಎಂದರು ಮಾವ ಹೊಸ ಕಣ್ಣಿನಿಂದ ನೋಡುತ್ತ. "ಇನ್ನೊಂದು 'ಷ' ಅಲ್ವಾ ಅಳಿಯಂದಿರೇ?"

"ನೀವು ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

ತಿದ್ದಪ್ಪ ಬೋರ್ಡನ್ನೇ ಮತ್ತೆ ಕಣ್ಣು ಕಿರಿದು ಮಾಡಿ ನೋಡಿದ. ಉತ್ತರ ಹೆಂಡತಿ ಹೇಳಿದಳು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿ, ಕುರ್ಚಿ ತೋರಿಸಿದರು. "ಬನ್ನಿ, ಕೂತ್ಕೊಳ್ಳಿ. ನಿಮ್ಮದೂ ನೋಡಿಬಿಡೋಣ."

ಕಣ್ಣಿಗೆ ಎರಡೆರಡು ಹನಿ ಔಷಧಿ ಬಿತ್ತು. ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತಾಯಿತು. ಇಷ್ಟು ದಪ್ಪ ಕನ್ನಡಕ ಬೇಕೆಂದೂ, ಬಂದ ಮೇಲೆ ಎಲ್ಲ ಸ್ಪಷ್ಟವಾಗುತ್ತದೆಂದೂ, ಇವತ್ತು ಮಾತ್ರ ವಾಹನ ಮುಟ್ಟಬಾರದೆಂದೂ ಡಾಕ್ಟರು ಹೇಳಿದರು.

ಹೊರಗೆ ಮಾವ ಒಬ್ಬರೇ, ಯಾರ ಕೈಯೂ ಹಿಡಿಯದೆ, ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದೆ ನಿಂತು ಅದರ ದೀಪಗಳನ್ನು ನೋಡಿದರು, ಬಾನೆಟ್ಟನ್ನು ಸವರಿದರು. ಬಾನೆಟ್ಟು ತೆರೆಸಿ ಹೊಸ ಕಾರ್ಬುರೇಟರನ್ನೂ ಬಹಳ ಹೊತ್ತು ನೋಡಿದರು. "ಅಳಿಯಂದಿರೇ, ಜೋಡಿಸಿದ್ದು ಮಾತ್ರ ಅಚ್ಚುಕಟ್ಟಾಗಿದೆ," ಎಂದರು. ತಿದ್ದಪ್ಪನಿಗೆ ಯಾರೂ ಕೊಡದ ಬಿರುದು ಸಿಕ್ಕಂತಾಯಿತು. ಕಣ್ಣಲ್ಲಿ ನೀರು ಬಂತು; ಔಷಧಿಯದ್ದು ಎಂದ.

ಹೆಂಡತಿ ಸ್ಟೇರಿಂಗ್ ಹಿಡಿದಳು. ಅವಳು ಮದುವೆಗೆ ಮೊದಲೇ ಅಪ್ಪನ ಹತ್ತಿರ ಇದೇ ಕಾರಿನಲ್ಲಿ ಕಲಿತವಳು. ಮಾವ ಅವಳ ಪಕ್ಕದಲ್ಲಿ ಕೂತು, ಅಂಗಡಿ ಬೋರ್ಡುಗಳನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಓದುತ್ತ ಬಂದರು. ಹಿಂದಿನ ಸೀಟಿನಲ್ಲಿ, ಹಾರ್ಮೋನಿಯಂಗಳು ಕೂರುತ್ತಿದ್ದ ಜಾಗದಲ್ಲಿ, ತಿದ್ದಪ್ಪ ಕರವಸ್ತ್ರದಿಂದ ಕಣ್ಣು ಮುಚ್ಚಿಕೊಂಡು ಕೂತ. ಎಂಜಿನ್ನಿನ ಸದ್ದು ಹಿತವಾಗಿತ್ತು. ಯಾವಾಗ ತೂಕಡಿಕೆ ಬಂತೋ ಗೊತ್ತಾಗಲಿಲ್ಲ.

ತಟ್ಟನೆ ಎಚ್ಚರವಾಯಿತು. ಸದ್ದಿಲ್ಲ! ಕಾರು ನಿಂತಿದೆ! ತಿದ್ದಪ್ಪ ಗಡಬಡಿಸಿ ಎದ್ದು, ಬಾಗಿಲು ತಡಕಿ, ತೋಳು ಮಡಚಿದ.

"ನಿಂತುಹೋಯ್ತಾ? ಯಾರೂ ಗಾಬರಿಯಾಗ್ಬೇಡಿ! ನಾನಿದ್ದೀನಿ! ಬಾನೆಟ್ ತೆಗೀರಿ, ಒಂದೇ ನಿಮಿಷದಲ್ಲಿ ತಪ್ಪು ಹಿಡೀತೀನಿ!"

"ಏನೂ ಹಿಡೀಬೇಡಿ," ಎಂದಳು ಹೆಂಡತಿ, ಕೀಲಿಕೈಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ. "ಮನೆ ಬಂತು. ಇಳೀರಿ."